ಶಾಲೆಯ ಗೇಟಿನ ಮುಂದೆ ಎಷ್ಟು ಹೊತ್ತು?

ಕಳೆದ ಗ್ರಾಮ ಸಭೆಗೆ ನಾನು ಉಪ್ಪನ ಜೊತೆ ಹೋಗಿದ್ದೆ. ರೇಷನ್ ಕಾರ್ಡು, ಕುಡಿಯುವ ನೀರು, ದಾರಿದೀಪ ಎಲ್ಲ ಮುಗಿದು ಜನ ಏಳುವ ಹೊತ್ತಿಗೆ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಕಡೆಯಿಂದ ಒಂದು ಅರ್ಜಿ ಬಂತು. ಶಾಲೆಯ ಎದುರಿನ ರಸ್ತೆಯಲ್ಲಿ ವಾಹನ ನಿಲ್ಲಿಸಲು ಸಮಯದ ಮಿತಿ ಹಾಕಬೇಕು ಎಂದು ಅದರಲ್ಲಿತ್ತು. ಅಲ್ಲಿಯವರೆಗೆ ತೂಕಡಿಸುತ್ತಿದ್ದವರೆಲ್ಲ ಎದ್ದು ನಿಂತರು. “ಇದೇನು ಮಂಗಳೂರಾ?” ಎಂದು ಒಬ್ಬರು ಕೇಳಿದರು. “ಹಾಗಾದರೆ ನಾವು ಅಂಗಡಿಗೆ ಬೀಗ ಹಾಕುತ್ತೇವೆ” ಎಂದರು ಇನ್ನೊಬ್ಬರು. ಕೊನೆಗೆ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು. ಜೋರಾಗಿ ವಿರೋಧಿಸಿದವರಲ್ಲಿ ನನ್ನ ಉಪ್ಪನೂ ಒಬ್ಬರು. ಬಾಯಿ ಮುಚ್ಚಿ ಕುಳಿತವರಲ್ಲಿ ನಾನೂ ಒಬ್ಬ. ಅಲ್ಲಿ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ರಸ್ತೆ ನಮಗೆಲ್ಲರಿಗೂ ಗೊತ್ತು. ನಮ್ಮ ಕಾಲೇಜಿನ ಇಳಿಜಾರು ಮುಗಿದು ಮುಖ್ಯ ರಸ್ತೆ ಸೇರುವಲ್ಲಿ ಎಡಕ್ಕೆ ಶಾಲೆಯ ಕಂಪೌಂಡ್, ಬಲಕ್ಕೆ ಏಳೆಂಟು ಅಂಗಡಿ, ಅದರಾಚೆ ಮಸೀದಿ, ಆಮೇಲೆ ಬಸ್ ನಿಲ್ದಾಣ. ರಸ್ತೆಗೆ ಡಾಂಬರು ಹೊಸದು, ಅಗಲ ಮಾತ್ರ ಹಳೆಯದೇ. ಎರಡು ಬದಿಯಲ್ಲೂ ಗಾಡಿ ನಿಂತರೆ ನಡುವೆ ಒಂದು ಬಸ್ಸು ಹೋಗುವಷ್ಟು ಜಾಗ ಉಳಿಯುತ್ತದೆ. ಮಗು ನಡೆಯುವಷ್ಟು ಜಾಗ ಉಳಿಯುವುದಿಲ್ಲ.

ಅರ್ಜಿಯ ಬಗ್ಗೆ ಸರಿಯಾಗಿ ಯೋಚಿಸಬೇಕು ಎಂದು ನಾನು ಒಂದು ವಾರ ಬೆಳಿಗ್ಗೆ ಕ್ಲಾಸಿಗೆ ಮೊದಲು ಉಪ್ಪನ ಅಂಗಡಿಯ ಜಗಲಿಯಲ್ಲಿ ಕುಳಿತು ನೋಡಿದೆ. ಅಲ್ಲಿ ನಿಲ್ಲುವ ಗಾಡಿಗಳು ಮೂರು ಬಗೆ. ಮೊದಲನೆಯದು ಮಕ್ಕಳನ್ನು ಬಿಡಲು ಬರುವ ಆಟೋ, ಓಮ್ನಿ, ಸ್ಕೂಟರ್. ಇವು ನಿಲ್ಲುವುದು ಎರಡು ಮೂರು ನಿಮಿಷ. ಎರಡನೆಯದು ಅಂಗಡಿಗೆ, ಹಾಲಿನ ಡೈರಿಗೆ, ಮೆಡಿಕಲ್‌ಗೆ ಬರುವವರದ್ದು. ಹತ್ತು ಹದಿನೈದು ನಿಮಿಷದಲ್ಲಿ ಹೊರಡುತ್ತವೆ. ಮೂರನೆಯದು ಬೆಳಿಗ್ಗೆ ಬಂದರೆ ಸಂಜೆಯವರೆಗೆ ಅಲ್ಲಾಡದ ಗಾಡಿಗಳು. ಬಸ್ಸು ಹಿಡಿದು ಪೇಟೆಗೆ ಕೆಲಸಕ್ಕೆ ಹೋಗುವವರ ಬೈಕು, ಮಾರಾಟಕ್ಕಿಟ್ಟ ಒಂದೆರಡು ಹಳೆಯ ಕಾರು, ಮತ್ತು ಶಾಲೆಯ ಕಂಪೌಂಡಿಗೆ ಒರಗಿಸಿ ಹಲಸಿನ ಮರದ ನೆರಳಲ್ಲಿ ಸಾಲಾಗಿ ನಿಲ್ಲಿಸಿದ ಸ್ಕೂಟರ್‌ಗಳು.

ಆ ಸ್ಕೂಟರ್‌ಗಳು ಯಾರವು ಎಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅವು ನಮ್ಮವು. ಕಾಲೇಜಿನ ಒಳಗೆ ವಿದ್ಯಾರ್ಥಿಗಳ ವಾಹನಕ್ಕೆ ಪ್ರವೇಶ ಇಲ್ಲ. ಆದ್ದರಿಂದ ನಾವು ಕೆಳಗೆ ಶಾಲೆಯ ಹತ್ತಿರ ನಿಲ್ಲಿಸಿ, ಹೆಲ್ಮೆಟ್ ಇದ್ದರೆ ಅದನ್ನು ಅಂಗಡಿಯಲ್ಲಿ ಕೊಟ್ಟು, ಬಸ್ಸಿನಲ್ಲಿ ಬಂದವರಂತೆ ನಡೆದು ಮೇಲೆ ಬರುತ್ತೇವೆ. ಕಳೆದ ವರ್ಷವಿಡೀ ನಾನೂ ಗೆಳೆಯನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದೆ. “ಇಲ್ಲೇ ಇಡು, ನೆರಳಿದೆ” ಎಂದು ಅವನಿಗೆ ಜಾಗ ತೋರಿಸಿದವನೂ ನಾನೇ.

ಮಳೆಗಾಲದ ಒಂದು ಬೆಳಿಗ್ಗೆ ಹಾಗೆ ನಿಲ್ಲಿಸಿ ಇಳಿದಿದ್ದೆವು. ನಮ್ಮ ಸ್ಕೂಟರಿಗೂ ಪಕ್ಕದ ಕಾರಿಗೂ ನಡುವಿನ ಸಂದಿನಿಂದ ಒಂದು ಸಣ್ಣ ಹುಡುಗಿ, ಎರಡನೆಯದೋ ಮೂರನೆಯದೋ ತರಗತಿ ಇರಬೇಕು, ಕೊಡೆ ಹಿಡಿದು ರಸ್ತೆಗೆ ಇಳಿದಳು. ಎದುರಿನ ಅಂಗಡಿಯಿಂದ ಪೆನ್ಸಿಲ್ ತರಲು ಹೊರಟಿದ್ದಳಂತೆ. ಆ ಕಡೆಯಿಂದ ಒಂದು ಪಿಕಪ್ ಬಂತು. ಬ್ರೇಕಿನ ಸದ್ದು ಕೇಳಿ ನಾನು ತಿರುಗುವಾಗ ಕೊಡೆ ರಸ್ತೆಯ ನಡುವೆ ಬಿದ್ದಿತ್ತು, ಹುಡುಗಿ ಬದಿಯಲ್ಲಿ ಕುಳಿತಿದ್ದಳು. ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಪಿಕಪ್‌ನ ಚಾಲಕ ಕೆಳಗಿಳಿದವನು ಅವಳಿಗೂ ಬೈಯಲಿಲ್ಲ, ನಮಗೂ ಬೈಯಲಿಲ್ಲ. ಅವನ ಕೈ ನಡುಗುತ್ತಿತ್ತು. “ಕಾಣಲೇ ಇಲ್ಲ” ಎಂದು ಎರಡು ಮೂರು ಸಲ ಹೇಳಿದ. ಅವನು ಹೇಳಿದ್ದು ನಿಜ. ಮಗು ಅವನಿಗೆ ಕಾಣದಂತೆ ಮಾಡಿದ್ದು ನಮ್ಮ ಸ್ಕೂಟರ್ ಮತ್ತು ಪಕ್ಕದ ಕಾರು.

ಕಳೆದ ವಾರ ನಾನು ಅದೇ ಜಾಗದಲ್ಲಿ ಮಂಡಿಯೂರಿ ಕುಳಿತು ನೋಡಿದೆ. ನೋಡಿದವರು ನಕ್ಕರು. ಆರು ವರ್ಷದ ಮಗುವಿನ ಎತ್ತರ ಸುಮಾರು ಮೂರೂಮುಕ್ಕಾಲು ಅಡಿ. ಸಾಧಾರಣ ಕಾರಿನ ಎತ್ತರ ಸುಮಾರು ಐದು ಅಡಿ. ಅಲ್ಲಿಂದ ನೋಡಿದರೆ ರಸ್ತೆ ಎಂಬುದೇ ಇಲ್ಲ. ಚಕ್ರ, ಬಂಪರ್, ಸೈಲೆನ್ಸರ್ ಮಾತ್ರ. ಗಾಡಿ ಬರುತ್ತಿದೆಯೇ ಎಂದು ನೋಡಬೇಕಾದರೆ ಮಗು ಸಾಲಿನಿಂದ ಆಚೆ ಡಾಂಬರಿಗೆ ಹೆಜ್ಜೆ ಇಡಲೇಬೇಕು. ನೋಡಿ ದಾಟು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಇಲ್ಲಿ ದಾಟಲು ಆರಂಭಿಸದೆ ನೋಡಲು ಸಾಧ್ಯವಿಲ್ಲ.

ಇನ್ನು ಚಾಲಕನ ಲೆಕ್ಕ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಕಲಿತ ಸೂತ್ರ ಸಾಕು. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಎಂದು ಹಿಡಿದರೆ ಅಷ್ಟರಲ್ಲೇ 11 ಮೀಟರ್ ಹೋಯಿತು. ಒಳ್ಳೆಯ ಬ್ರೇಕು ಇದ್ದರೂ ನಿಲ್ಲಲು ಇನ್ನೂ ಸುಮಾರು 10 ಮೀಟರ್ ಬೇಕು. ಒಟ್ಟು 21. ಅದೇ 30 ಕಿ.ಮೀ. ವೇಗದಲ್ಲಿದ್ದರೆ ಸುಮಾರು 14 ಮೀಟರಿಗೆ ನಿಲ್ಲುತ್ತದೆ. ಈಗ ಮಗು 15 ಮೀಟರ್ ದೂರದಲ್ಲಿ ಸಾಲಿನಿಂದ ಹೊರಗೆ ಬಂತು ಎಂದುಕೊಳ್ಳಿ. 30ರಲ್ಲಿ ಬಂದವನು ಮಗುವಿನ ಮುಂದೆ ನಿಲ್ಲುತ್ತಾನೆ. 40ರಲ್ಲಿ ಬಂದವನ ಗಾಡಿ ಮಗುವನ್ನು ತಲುಪುವಾಗ ಇನ್ನೂ 30 ಕಿ.ಮೀ. ವೇಗದಲ್ಲಿರುತ್ತದೆ. ಇದು ಒಣ ರಸ್ತೆಯ ಲೆಕ್ಕ. ನಮ್ಮ ಜೂನ್, ಜುಲೈಯ ಮಳೆಯಲ್ಲಿ ಲೆಕ್ಕ ಇನ್ನೂ ಕೆಟ್ಟದಾಗುತ್ತದೆ. ರಸ್ತೆ ಬದಿ ಖಾಲಿ ಇದ್ದರೆ ಅದೇ ಮಗು 40, 50 ಮೀಟರ್ ದೂರದಿಂದಲೇ ಕಾಣುತ್ತದೆ, ಆಗ ಇಬ್ಬರಿಗೂ ಸಮಯ ಸಿಗುತ್ತದೆ. ಅದಕ್ಕಾಗಿ ನಿಲ್ಲಿಸಿದ ಗಾಡಿಯೂ ಓಡುವ ಗಾಡಿಯಷ್ಟೇ ಮುಖ್ಯ ಎನ್ನುತ್ತೇನೆ.

“ಇದೇನು ಮಂಗಳೂರಾ?” ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ. ಶಾಲೆಯ, ಆಸ್ಪತ್ರೆಯ ಪ್ರವೇಶದ್ವಾರದ ಬಳಿ ವಾಹನ ನಿಲ್ಲಿಸಬಾರದು ಎಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. ಪೇಟೆಯ ಶಾಲೆ, ಹಳ್ಳಿಯ ಶಾಲೆ ಎಂದು ಅಲ್ಲಿ ವಿಂಗಡಿಸಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ವಾಹನಗಳು ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ನಿಲ್ಲಬಹುದು ಎಂಬುದನ್ನು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗೊತ್ತುಪಡಿಸಬಹುದು. ನಮ್ಮ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಹೊರಡಿಸುವ ಇಂತಹ ಆದೇಶಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅಂದರೆ ಪಂಚಾಯತ್ ಒಂದೇ ತನ್ನಷ್ಟಕ್ಕೆ ಬೋರ್ಡು ನೆಟ್ಟರೆ ಸಾಲದು. ಪಂಚಾಯತಿನ ನಿರ್ಣಯ, ಪೊಲೀಸ್ ಇಲಾಖೆಯ ವರದಿ, ಜಿಲ್ಲಾಧಿಕಾರಿಯ ಆದೇಶ ಬೇಕು. ದಾರಿ ಉದ್ದ ನಿಜ. ಆದರೆ ಮೊದಲ ಹೆಜ್ಜೆ ನಿರ್ಣಯ, ಅದು ನಮ್ಮ ಊರಿನ ಸಭೆಯಲ್ಲೇ ಆಗಬೇಕು.

ಹಾಗಾದರೆ ಪೂರ್ತಿಯಾಗಿ ನಿಷೇಧಿಸಿದರೆ ಮುಗಿಯಿತಲ್ಲ, ಸಮಯದ ಮಿತಿ ಏಕೆ? ನನಗೂ ಮೊದಲು ಹಾಗೆಯೇ ಅನಿಸಿತ್ತು. ನೋಡುತ್ತಾ ಹೋದಂತೆ ಅಭಿಪ್ರಾಯ ಬದಲಾಯಿತು. ಶಾಲೆಯ ಬದಿಯಲ್ಲಿ ಎಲ್ಲಿಯೂ ನಿಲ್ಲಿಸಬಾರದು ಎಂದರೆ ಮಗುವನ್ನು ಬಿಡಲು ಬಂದ ತಾಯಿ ಎಲ್ಲಿ ನಿಲ್ಲಿಸಬೇಕು? ಆಚೆ ಬದಿಯಲ್ಲಿ ಇಳಿಸಿದರೆ ಮಗು ರಸ್ತೆ ದಾಟಬೇಕು. ಇಲ್ಲವೇ ರಸ್ತೆಯ ನಡುವೆಯೇ ಆಟೋ ನಿಲ್ಲಿಸಿ “ಬೇಗ ಇಳಿ, ಬೇಗ ಇಳಿ” ಎನ್ನಬೇಕು. ಈಗ ಆಗುತ್ತಿರುವುದೂ ಅದೇ. ಬದಿಯ ಜಾಗವೆಲ್ಲ ಸಂಜೆಯವರೆಗೆ ನಿಲ್ಲುವ ಗಾಡಿಗಳ ಪಾಲಾಗಿರುವುದರಿಂದ ಎರಡು ನಿಮಿಷ ನಿಲ್ಲುವವರು ನಡುರಸ್ತೆಯಲ್ಲಿ ನಿಲ್ಲುತ್ತಾರೆ. ಒಂದು ಕಾರಿನ ಜಾಗದಲ್ಲಿ ಹತ್ತು ನಿಮಿಷದ ಮಿತಿ ಇದ್ದರೆ ಗಂಟೆಗೆ ಆರು ಗಾಡಿ ಬಂದು ಹೋಗಬಹುದು. ಬೆಳಿಗ್ಗೆ ಒಂಬತ್ತಕ್ಕೆ ಬಂದ ಒಂದೇ ಕಾರು ಸಂಜೆ ನಾಲ್ಕರವರೆಗೆ ನಿಂತರೆ ಅದು ಇಡೀ ದಿನ ಒಬ್ಬನ ಜಾಗ. ರಸ್ತೆ ಬದಿ ಯಾರ ಸ್ವಂತದ್ದೂ ಅಲ್ಲದಿರುವಾಗ ಸರದಿಯಲ್ಲಿ ಬಳಸುವುದೇ ನ್ಯಾಯ.

ನನ್ನ ಸಲಹೆ ಇಷ್ಟೇ. ಗೇಟಿನ ಎರಡೂ ಪಕ್ಕ ಇಪ್ಪತ್ತು ಮೀಟರ್ ಯಾವ ಹೊತ್ತಿನಲ್ಲೂ ಯಾವ ಗಾಡಿಯೂ ನಿಲ್ಲಬಾರದು. ಅಲ್ಲಿ ಹಳದಿ ಗೆರೆ ಎಳೆಯಲಿ, ಜೀಬ್ರಾ ಪಟ್ಟಿ ಹಾಕಲಿ, ಎರಡು ಕಡೆ ಹಂಪ್ ಹಾಕಲಿ. ಅದರಾಚೆ ಬಸ್ ನಿಲ್ದಾಣದ ಬಳಿಯವರೆಗೆ, ಶಾಲೆ ಇರುವ ದಿನ ಬೆಳಿಗ್ಗೆ 9ರಿಂದ 10 ಮತ್ತು ಸಂಜೆ 3.30ರಿಂದ 4.30ರವರೆಗೆ ಐದು ನಿಮಿಷದ ಮಿತಿ. ಉಳಿದ ಹೊತ್ತು ಇಪ್ಪತ್ತು ನಿಮಿಷ. ಇಡೀ ದಿನ ನಿಲ್ಲಿಸಬೇಕಾದವರಿಗೆ ಸಂತೆ ಮೈದಾನ ಇದೆ. ವಾರದಲ್ಲಿ ಒಂದು ದಿನ ಬಿಟ್ಟರೆ ಅದು ಖಾಲಿ. ಅಲ್ಲಿಂದ ಬಸ್ ನಿಲ್ದಾಣಕ್ಕೆ ನಾಲ್ಕು ನಿಮಿಷದ ನಡಿಗೆ. ನಡೆಯಲು ಕಷ್ಟವಿರುವ ಮಗುವನ್ನು ಕರೆತರುವ ವಾಹನಕ್ಕೆ ಈ ಐದು ನಿಮಿಷದ ಲೆಕ್ಕ ಬೇಡ.

ಇದನ್ನು ಉಪ್ಪನ ಮುಂದೆ ಹೇಳಿದಾಗ ಮೊದಲು ಸಿಟ್ಟಾದರು. “ಗಿರಾಕಿ ಗಾಡಿ ನಿಲ್ಲಿಸದೆ ಅಕ್ಕಿ ಮೂಟೆಯನ್ನು ನೀನು ಹೊತ್ತುಕೊಂಡು ಹೋಗಿ ಕೊಡುತ್ತೀಯಾ ಮೋನೇ?” ಎಂದು ಕೇಳಿದರು. ಅವರ ಸಿಟ್ಟಿಗೆ ಕಾರಣ ಇದೆ. ಈಗಾಗಲೇ ಪೇಟೆಯ ದೊಡ್ಡ ಅಂಗಡಿಗಳಿಗೆ ಅರ್ಧ ಗಿರಾಕಿಗಳು ಹೋಗಿದ್ದಾರೆ. ಮನೆಯ ಖರ್ಚು, ನನ್ನ ಫೀಸು ಎಲ್ಲ ಅದೇ ಅಂಗಡಿಯಿಂದ ಬರಬೇಕು. ನಾನು ಕೇಳಿದೆ, “ಉಪ್ಪ, ನಮ್ಮ ಅಂಗಡಿ ಮುಂದೆ ಈಗ ನಿಂತಿರುವ ಗಾಡಿಗಳಲ್ಲಿ ನಮ್ಮ ಗಿರಾಕಿಯದ್ದು ಎಷ್ಟು?” ಅವರು ಹೊರಗೆ ನೋಡಿದರು. ಒಂದೂ ಇರಲಿಲ್ಲ. ಬೆಳಿಗ್ಗೆಯಿಂದ ನಿಂತ ಒಂದು ಕಾರು, ಅದರ ಹಿಂದೆ ಎರಡು ಬೈಕು. ಸಾಮಾನಿನ ಗಾಡಿಯವನು ಜಾಗ ಸಿಗದೆ ಆಚೆ ನಿಲ್ಲಿಸಿ ಮೂಟೆ ಹೊತ್ತು ತರುತ್ತಿದ್ದ. ಉಪ್ಪ ಏನೂ ಹೇಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ಉಮ್ಮನ ಹತ್ತಿರ, “ಇಪ್ಪತ್ತು ನಿಮಿಷ ಸಾಕಾಗುತ್ತದೆ. ಆದರೆ ಸಾಮಾನು ಇಳಿಸಲು ಬೇರೆ ಹೊತ್ತು ಕೊಡಬೇಕು” ಎಂದರು. ಅದು ಸರಿಯಾದ ಮಾತು, ಎಸ್‌ಡಿಎಂಸಿ ಅರ್ಜಿಯಲ್ಲಿ ಇರಲಿಲ್ಲ. ಬೆಳಿಗ್ಗೆ 8.30ರ ಒಳಗೆ ಅಥವಾ ಮಕ್ಕಳು ತರಗತಿಯಲ್ಲಿರುವ ಹೊತ್ತಿನಲ್ಲಿ ಸಾಮಾನಿನ ಗಾಡಿಗಳಿಗೆ ಅರ್ಧ ಗಂಟೆ ಇರಲಿ. ವ್ಯಾಪಾರಿಗಳನ್ನು ಶತ್ರುಗಳಂತೆ ನೋಡಿದರೆ ಈ ನಿಯಮ ಒಂದು ವಾರವೂ ನಿಲ್ಲುವುದಿಲ್ಲ.

“ನೋಡುವವರು ಯಾರು? ಇಲ್ಲಿ ಟ್ರಾಫಿಕ್ ಪೊಲೀಸ್ ಇದ್ದಾರಾ?” ಎಂಬುದು ಇನ್ನೊಂದು ಪ್ರಶ್ನೆ. ಇಲ್ಲ, ನಮ್ಮ ಊರಿಗೆ ದಿನಾ ಪೊಲೀಸರು ಬಂದು ನಿಲ್ಲುವುದು ಆಗದ ಮಾತು. ಆದೇಶ ಬಂದ ಮೇಲೆ ಕಾನೂನಿನ ಬಲ ಬರುತ್ತದೆ. ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ 127ನೇ ಸೆಕ್ಷನ್ ಅಧಿಕಾರ ಕೊಡುತ್ತದೆ. 2019ರ ತಿದ್ದುಪಡಿಯ ನಂತರ ಕೇಂದ್ರ ಕಾಯ್ದೆಯ 177ನೇ ಸೆಕ್ಷನ್‌ನಲ್ಲಿ ಸಾಮಾನ್ಯ ತಪ್ಪಿಗೆ ಮೊದಲ ಬಾರಿ 500, ಮತ್ತೆ ಮಾಡಿದರೆ 1500 ರೂಪಾಯಿವರೆಗೆ ದಂಡ ಇದೆ. ಆದರೆ ದಿನನಿತ್ಯ ಕೆಲಸ ಮಾಡುವುದು ದಂಡವಲ್ಲ, ನಾಚಿಕೆ. 1957ರಲ್ಲಿ ಪ್ಯಾರಿಸ್ ನಗರದಲ್ಲಿ ನಿಲುಗಡೆಗೆ ಸಮಯದ ಮಿತಿ ತಂದಾಗ ಅವರು ಬಳಸಿದ್ದು ಒಂದು ರಟ್ಟಿನ ಗಡಿಯಾರ. ಗಾಡಿ ನಿಲ್ಲಿಸಿದವನು ತಾನು ಬಂದ ಸಮಯಕ್ಕೆ ಮುಳ್ಳು ತಿರುಗಿಸಿ ಮುಂದಿನ ಗಾಜಿನ ಒಳಗೆ ಇಡಬೇಕು, ಅಷ್ಟೇ. ಯೂರೋಪಿನ ಅನೇಕ ಊರುಗಳಲ್ಲಿ ಇಂದಿಗೂ ಅದು ನಡೆಯುತ್ತಿದೆ. ಯಂತ್ರ ಬೇಡ, ಕರೆಂಟು ಬೇಡ. ನಮ್ಮ ಎನ್‌ಎಸ್‌ಎಸ್ ಘಟಕ ಒಂದು ಭಾನುವಾರ ಕುಳಿತರೆ ಊರಿಗೆ ಬೇಕಾದಷ್ಟು ರಟ್ಟಿನ ಗಡಿಯಾರ ಮಾಡಬಹುದು. ಅಂಗಡಿಗಳ ಮುಂದೆ ಇಟ್ಟರೆ ಬಂದವರು ತೆಗೆದುಕೊಳ್ಳುತ್ತಾರೆ. ಒಂಬತ್ತು ಗಂಟೆ ತೋರಿಸುವ ಗಡಿಯಾರ ಹನ್ನೆರಡಕ್ಕೂ ಅಲ್ಲೇ ಇದ್ದರೆ ಊರವರೇ ಕೇಳುತ್ತಾರೆ.

ಶುಕ್ರವಾರದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಗ್ರಾಮ ಸಭೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲ. ಬೇರೆಯವರು ನಮಗೆ ಬೇಸರವಾಗುತ್ತದೆ ಎಂದು ಸುಮ್ಮನಿದ್ದರು. ನಾವು ನಮ್ಮದೇ ಆದ್ದರಿಂದ ಸುಮ್ಮನಿದ್ದೆವು. ಜುಮಾ ನಮಾಝಿನ ಹೊತ್ತಿಗೆ ಶಾಲೆಯ ಗೇಟಿನವರೆಗೂ ಕಾರು, ಬೈಕು ನಿಲ್ಲುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಮಕ್ಕಳು ಬಿಸಿಯೂಟ ಮುಗಿಸಿ ಹೊರಗೆ ಓಡಾಡುತ್ತಾರೆ. ವಾರಕ್ಕೆ ಒಂದು ಗಂಟೆ ಅಲ್ಲವೇ, ರಿಯಾಯಿತಿ ಕೊಡಲಿ ಎಂದು ಕೇಳುವುದು ಸುಲಭ. ಆದರೆ ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದು ವಿಶ್ವಾಸದ ಭಾಗ ಎಂದು ಮದ್ರಸದಲ್ಲಿ ನಾವೆಲ್ಲ ಕಲಿತಿದ್ದೇವೆ. ಕಲ್ಲು, ಮುಳ್ಳು ತೆಗೆದರೆ ಪುಣ್ಯ ಎನ್ನುವವರು ದಾರಿಯಲ್ಲಿ ಕಾರನ್ನೇ ಇಟ್ಟು ನಮಾಝಿಗೆ ಹೋಗುವುದು ಹೇಗೆ ಸರಿ? ಮಸೀದಿಯ ಹಿಂದಿನ ಜಾಗ, ಸಂತೆ ಮೈದಾನ ಎರಡೂ ಇವೆ. ಜಾತ್ರೆಯ ದಿನಕ್ಕೂ, ಮದುವೆ ಹಾಲಿನ ದಿನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಅದನ್ನು ಹೇಳುವ ಮೊದಲು ನಾವು ನಮ್ಮ ಗಾಡಿ ತೆಗೆಯಬೇಕು.

ಕೊನೆಗೆ ನಮ್ಮ ಸ್ಕೂಟರ್‌ಗಳು. ಸ್ಕೂಟರ್ ತರುವವರೆಲ್ಲ ಶೋಕಿಗೆ ತರುತ್ತಾರೆ ಎಂದು ನಾನು ಹೇಳುವುದಿಲ್ಲ. ಒಳಗಿನ ಊರುಗಳಿಂದ ಬರುವವರಿಗೆ ಬೆಳಿಗ್ಗೆ ಒಂದು ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಇದೆ. ಆದರೆ ಖಾಸಗಿ ಬಸ್ಸು ಮಾತ್ರ ಓಡುವ ನಮ್ಮ ರೂಟಿನ ಸಹಪಾಠಿಗಳಿಗೆ ಅದರಿಂದ ಏನೂ ಸಿಕ್ಕಿಲ್ಲ. ಬಸ್ಸಿನ ಬೇಡಿಕೆ ಬೇರೆ, ಅದನ್ನೂ ಕೇಳೋಣ. ಹಾಗೆಂದು ನಮ್ಮ ಕಷ್ಟವನ್ನು ಒಂದನೇ ತರಗತಿಯ ಮಕ್ಕಳ ದಾರಿಯಲ್ಲಿ ಸಾಲಾಗಿ ನಿಲ್ಲಿಸಿ ಬರಲು ಆಗುವುದಿಲ್ಲ. ಇನ್ನೊಂದು ಸತ್ಯವೂ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬಿಲ್ಲ, ಲೈಸೆನ್ಸ್ ಇಲ್ಲ. 2019ರಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಹೊಣೆ ಪೋಷಕರದ್ದು ಅಥವಾ ಗಾಡಿಯ ಮಾಲಕರದ್ದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಲ್ಫಿನಲ್ಲಿ ದುಡಿಯುವ ಅಣ್ಣನ ಹೆಸರಿನ ಸ್ಕೂಟರ್ ತರುವವರು ಇದನ್ನು ಒಮ್ಮೆ ಯೋಚಿಸಬೇಕು.

ನಮ್ಮ ಆಡಳಿತ ಮಂಡಳಿಗೆ, ಪ್ರಾಂಶುಪಾಲರಿಗೆ ನನ್ನದೊಂದು ವಿನಂತಿ. ವಾಹನ ಒಳಗೆ ಬಿಡುವುದಿಲ್ಲ ಎಂಬ ನಿಯಮದಿಂದ ಕಾಲೇಜಿನ ಅಂಗಳ ಸ್ವಚ್ಛವಾಯಿತು, ತೊಂದರೆ ಮಾತ್ರ ಕೆಳಗಿನ ಶಾಲೆಯ ಗೇಟಿಗೆ ಇಳಿಯಿತು. ಲೈಸೆನ್ಸ್ ಇರುವ ವಿದ್ಯಾರ್ಥಿಗಳಿಗೆ, ಲೈಸೆನ್ಸ್ ಮತ್ತು ಹೆಲ್ಮೆಟ್ ತೋರಿಸಿದರೆ, ಆಟದ ಮೈದಾನದ ಮೂಲೆಯಲ್ಲಿ ಜಾಗ ಕೊಡಿ. ಇಲ್ಲದವರನ್ನು ಗೇಟಿನಲ್ಲಿ ಅಲ್ಲ, ರಸ್ತೆಯಲ್ಲೇ ತಡೆಯಿರಿ, ಪೋಷಕರ ಸಭೆಯಲ್ಲಿ ಹೇಳಿ. ಕಣ್ಣಿಗೆ ಕಾಣದಿದ್ದರೆ ಸಾಕು ಎಂಬ ಶಿಸ್ತಿನಿಂದ ಯಾರಿಗೂ ಪ್ರಯೋಜನವಿಲ್ಲ.

ನವೆಂಬರ್‌ನಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಶಾಲೆಯ ಮಕ್ಕಳು ಎದ್ದು ನಿಂತು ತಮ್ಮ ತೊಂದರೆ ಹೇಳುತ್ತಾರೆ, ಅಧಿಕಾರಿಗಳು ಉತ್ತರಿಸುತ್ತಾರೆ. ಆ ಹುಡುಗಿ, ಅಥವಾ ಅವಳಂತಹ ಇನ್ನೊಬ್ಬಳು, ಎದ್ದು ನಿಂತು “ಗೇಟಿನ ಮುಂದೆ ದೊಡ್ಡ ಕಾಲೇಜಿನವರು ಸ್ಕೂಟರ್ ನಿಲ್ಲಿಸುತ್ತಾರೆ” ಎಂದು ಹೇಳುವ ಮೊದಲೇ ನಾವು ತೆಗೆದಿರಬೇಕು ಎಂಬುದು ನನ್ನ ಆಸೆ. ಜಿಲ್ಲಾಧಿಕಾರಿಯ ಆದೇಶ ಬರಲು ತಿಂಗಳುಗಳು ಬೇಕಾಗಬಹುದು. ಸ್ಕೂಟರ್ ಸರಿಸಲು ಆದೇಶ ಬೇಡ.

ನಾನೀಗ ಬಸ್ಸಿನಲ್ಲಿ ಬರುತ್ತಿದ್ದೇನೆ. ಗೆಳೆಯನಿಗೆ ಕಳೆದ ತಿಂಗಳು ಹದಿನೆಂಟು ತುಂಬಿ ಲೈಸೆನ್ಸ್ ಬಂದಿದೆ. ಸೋಮವಾರದಿಂದ ಅವನು ಸಂತೆ ಮೈದಾನದಲ್ಲಿ ನಿಲ್ಲಿಸುತ್ತಿದ್ದಾನೆ. “ಅಲ್ಲಿ ನೆರಳಿಲ್ಲ ಮಾರಾಯ, ಸೀಟು ಬಿಸಿಯಾಗುತ್ತದೆ” ಎಂದು ದಿನಾ ದೂರುತ್ತಾನೆ. ದೂರುತ್ತಲೇ ನಡೆದು ಬರುತ್ತಾನೆ. ಹಲಸಿನ ಮರದ ಕೆಳಗೆ ಒಂದು ಸ್ಕೂಟರಿನಷ್ಟು ಜಾಗ ಖಾಲಿಯಾಗಿದೆ. ಉಳಿದದ್ದನ್ನು ಖಾಲಿ ಮಾಡುವುದು ಇದನ್ನು ಓದುತ್ತಿರುವ ನಮ್ಮ ಕೈಯಲ್ಲಿದೆ.